ಬಾವಿ ನೀರಿನ ಮನೆಯಲ್ಲಿ ಪ್ರೆಶರ್ ಟ್ಯಾಂಕ್ ಯಾಕಿರುತ್ತದೆ?

ನಮ್ಮ ಕಡೆ ಬೋರ್ ಮೋಟಾರ್ ಹಾಕಿದರೆ ನೀರು ಸಂಪ್‌ಗೋ ಓವರ್‌ಹೆಡ್ ಟ್ಯಾಂಕ್‌ಗೋ ಹೋಗುತ್ತದೆ. ಅಲ್ಲಿಂದ ನಲ್ಲಿಗೆ ತಾನೇ ಇಳಿಯುತ್ತದೆ. ಅಮೆರಿಕದಲ್ಲಿ ಸುಮಾರು 15 ಪ್ರತಿಶತ ಜನ ಸ್ವಂತ ಬಾವಿಯ ನೀರನ್ನು ಬಳಸುತ್ತಾರೆ. ಆ ಮನೆಗಳ ವ್ಯವಸ್ಥೆ ಬೇರೆ. ಹಿಮ ಬೀಳುವ ಜಾಗದಲ್ಲಿ ಮನೆಯ ಮೇಲೆ ನೀರಿಟ್ಟರೆ ಹೆಪ್ಪುಗಟ್ಟುತ್ತದೆ. ಹಾಗಾಗಿ ಬೋರ್‌ನೊಳಗಿನ ಸಬ್‌ಮರ್ಸಿಬಲ್ ಪಂಪ್ ನೇರ ಮನೆಯ ಪೈಪಿಗೇ ನೀರು ತಳ್ಳುತ್ತದೆ. ನಡುವೆ, ಹೆಚ್ಚಾಗಿ ನೆಲಮಾಳಿಗೆಯಲ್ಲಿ, ಒಂದು ಉಕ್ಕಿನ ಟ್ಯಾಂಕ್ ಕೂತಿರುತ್ತದೆ. ಈ ಟಿಪ್ಪಣಿ ಅದರ ಬಗ್ಗೆ.

ಪಕ್ಕದಲ್ಲೇ ಪ್ರೆಶರ್ ಸ್ವಿಚ್ ಇರುತ್ತದೆ. ಒತ್ತಡ 40 ಪಿಎಸ್‌ಐಗೆ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಒತ್ತಡದ ಅಳತೆ) ಇಳಿದರೆ ಮೋಟಾರ್ ಆನ್, 60ಕ್ಕೆ ಏರಿದರೆ ಆಫ್. ಇದು ಸಾಮಾನ್ಯ ಸೆಟ್ಟಿಂಗ್. 30–50 ಕೂಡ ಕಾಣುತ್ತದೆ. 40 ಪಿಎಸ್‌ಐ ಅಂದರೆ ಸುಮಾರು 28 ಮೀಟರ್ ಎತ್ತರದ ನೀರಿನ ಒತ್ತಡ. ನಲ್ಲಿಗಿಂತ 4 ಮೀಟರ್ ಮೇಲಿರುವ ನಮ್ಮ ತಾರಸಿ ಟ್ಯಾಂಕ್ ಕೊಡುವುದು 6 ಪಿಎಸ್‌ಐಗೂ ಕಮ್ಮಿ.

ಈ ಒತ್ತಡವನ್ನು ಹುಟ್ಟಿಸುವುದು ಪಂಪ್. ಯಾವಾಗ ಹುಟ್ಟಿಸಬೇಕು ಅಂತ ಹೇಳುವುದು ಸ್ವಿಚ್. ಹಾಗಾದರೆ ಟ್ಯಾಂಕ್ ಯಾಕೆ?

ನೀರನ್ನು ಅದುಮಿ ಚಿಕ್ಕದು ಮಾಡಲು ಹೆಚ್ಚುಕಡಿಮೆ ಆಗುವುದೇ ಇಲ್ಲ. ಪೈಪಿನಲ್ಲಿ ಬರೀ ನೀರಿದ್ದರೆ, ಒಂದು ಲೋಟ ಹಿಡಿದರೂ ಒತ್ತಡ ದಿಢೀರನೆ ಬಿದ್ದು ಮೋಟಾರ್ ಆನ್ ಆಗುತ್ತದೆ. ನಲ್ಲಿ ನಿಲ್ಲಿಸಿದ ತಕ್ಷಣ ಒತ್ತಡ ಏರಿ ಆಫ್ ಆಗುತ್ತದೆ. ಗಾಳಿ ಹಾಗಲ್ಲ. ಸೈಕಲ್ ಪಂಪಿನ ಬಾಯಿಯನ್ನು ಬೆರಳಿಂದ ಮುಚ್ಚಿ ಹಿಡಿ ಒತ್ತಿದರೆ ಅದು ತಿರುಗಿ ತಳ್ಳುತ್ತದೆ, ಅಲ್ವಾ? ಟ್ಯಾಂಕಿನೊಳಗೆ ರಬ್ಬರ್ ಪರದೆಯ ಒಂದು ಕಡೆ ಗಾಳಿ, ಇನ್ನೊಂದು ಕಡೆ ನೀರು. ಪಂಪ್ ನೀರು ತುಂಬುತ್ತಾ ಗಾಳಿಯನ್ನು ಅದುಮುತ್ತದೆ. ಮೋಟಾರ್ ನಿಂತ ಮೇಲೆ ಆ ಗಾಳಿಯೇ ನೀರನ್ನು ನಲ್ಲಿಗೆ ತಳ್ಳುತ್ತದೆ.

ಎಷ್ಟು ನೀರು ಸಿಗುತ್ತದೆ? ಇಲ್ಲಿ ಬಾಯ್ಲ್ ನಿಯಮ ಬೇಕು: ಒತ್ತಡ ಗುಣಿಸು ಗಾತ್ರ ಬದಲಾಗದು. ಆದರೆ ಗೇಜ್ (ಒತ್ತಡ ಮಾಪಕ) ತೋರಿಸುವ ಅಂಕಿಗೆ ವಾತಾವರಣದ ಒತ್ತಡ 14.7 ಪಿಎಸ್‌ಐ ಸೇರಿಸಲೇಬೇಕು. 80 ಲೀಟರ್ ಟ್ಯಾಂಕ್, ಖಾಲಿ ಇದ್ದಾಗ 38 ಪಿಎಸ್‌ಐ ಗಾಳಿ ಅಂದುಕೊಳ್ಳಿ, ಅಂದರೆ ನಿಜವಾಗಿ 52.7.

40ರಲ್ಲಿ ಗಾಳಿಯ ಗಾತ್ರ: 80 × 52.7 ÷ 54.7 = 77.1 ಲೀಟರ್
60ರಲ್ಲಿ: 80 × 52.7 ÷ 74.7 = 56.4 ಲೀಟರ್

ವ್ಯತ್ಯಾಸ ಸುಮಾರು 20.6 ಲೀಟರ್. ಎರಡು ಆನ್‌ಗಳ ನಡುವೆ ಟ್ಯಾಂಕ್ ಕೊಡುವ ನೀರು ಇಷ್ಟೇ. 14.7 ಸೇರಿಸದೆ ಲೆಕ್ಕ ಮಾಡಿದರೆ 25 ಅಂತ ಬರುತ್ತದೆ, ಅದು ತಪ್ಪು. 80 ಲೀಟರ್ ಟ್ಯಾಂಕಲ್ಲಿ ಬಳಸಲು ಸಿಗುವುದು ಕಾಲು ಭಾಗ ಮಾತ್ರ. ಕರೆಂಟ್ ಹೋದರೆ ಇದನ್ನು ನಂಬಿ ಕೂರುವಂತಿಲ್ಲ.

ಈ 20 ಲೀಟರ್ ಉಳಿಸುವುದು ಮೋಟಾರನ್ನು. ಸ್ಟಾರ್ಟ್ ಆಗುವಾಗ ಮೋಟಾರ್ ಎಂದಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ವೈಂಡಿಂಗ್ ಬಿಸಿಯಾಗುತ್ತದೆ. ಸಬ್‌ಮರ್ಸಿಬಲ್ ಮೋಟಾರ್ ತಣ್ಣಗಾಗುವುದು ಪಕ್ಕದಲ್ಲಿ ಹರಿಯುವ ನೀರಿನಿಂದ. ಆ ಹರಿವು ಸ್ವಲ್ಪ ಹೊತ್ತಾದರೂ ಇರಬೇಕು. ಅದಕ್ಕೇ ಚಿಕ್ಕ ಮೋಟಾರ್ ಒಮ್ಮೆ ಆನ್ ಆದರೆ ಕನಿಷ್ಠ ಒಂದು ನಿಮಿಷ ಓಡಬೇಕು ಅನ್ನುವ ರೂಢಿ. ನಿಮಿಷಕ್ಕೆ 20 ಲೀಟರ್ ಕೊಡುವ ಪಂಪ್‌ಗೆ ನಮ್ಮ ಟ್ಯಾಂಕ್ ಸರಿಹೊಂದುತ್ತದೆ.

ಮೋಟಾರಿಗೆ ಅತಿ ಕಷ್ಟ ಯಾವಾಗ? ಪಂಪ್ ಕೊಡುವುದರ ಅರ್ಧದಷ್ಟು ನೀರನ್ನು ನಾವು ಬಳಸುವಾಗ. ನಿಮಿಷಕ್ಕೆ 10 ಲೀಟರ್ ಹರಿಸಿದರೆ ಟ್ಯಾಂಕ್ ಖಾಲಿಯಾಗಲು ಎರಡು ನಿಮಿಷ, ತುಂಬಲು ಎರಡು ನಿಮಿಷ. ಗಂಟೆಗೆ ಸುಮಾರು 15 ಸ್ಟಾರ್ಟ್. ಇದೇ ಟ್ಯಾಂಕಿನ ಗಾಳಿ ಹೋಗಿ ಒಂದು ಲೀಟರ್ ಮಾತ್ರ ಸಿಗುವಂತಾದರೆ? 12 ಸೆಕೆಂಡಿಗೊಂದು ಸ್ಟಾರ್ಟ್. ಮೋಟಾರ್ ಸುಡಲು ಇನ್ನೇನು ಬೇಕು! ಬೋರ್‌ನಿಂದ ಅದನ್ನು ಮೇಲೆತ್ತಿಸುವ ಖರ್ಚು ನಮ್ಮವರಿಗೆ ಚೆನ್ನಾಗಿ ಗೊತ್ತು.

ಹಳೆಯ ಟ್ಯಾಂಕ್‌ಗಳಲ್ಲಿ ಪರದೆ ಇರುತ್ತಿರಲಿಲ್ಲ. ಗಾಳಿ ಮೆಲ್ಲಗೆ ನೀರಲ್ಲಿ ಕರಗಿ ಕಮ್ಮಿಯಾಗುತ್ತಿತ್ತು. ಈಗಿನದರಲ್ಲಿ ರಬ್ಬರ್ ಹರಿದರೆ ಅದೇ ತೊಂದರೆ. ನಲ್ಲಿ ತಿರುಗಿಸಿದಾಗಲೆಲ್ಲ ಸ್ವಿಚ್ ಟಕ್ ಟಕ್ ಅಂದರೆ, ಗೇಜಿನ ಮುಳ್ಳು ಸುಮ್ನೆ ಮೇಲೆ ಕೆಳಗೆ ಓಡುತ್ತಿದ್ದರೆ, ಮೊದಲು ಟ್ಯಾಂಕ್ ನೋಡಿ. ಮೇಲ್ಗಡೆ ಟಯರಿನಲ್ಲಿರುವಂಥ ಗಾಳಿ ವಾಲ್ವ್ ಇರುತ್ತದೆ. ಅದರ ಪಿನ್ ಒತ್ತಿದಾಗ ನೀರು ಬಂದರೆ ರಬ್ಬರ್ ಹರಿದಿದೆ ಅಂತಲೇ ಅರ್ಥ.

ಗಾಳಿ ಮಾತ್ರ ಬಂದರೆ ಅದರ ಒತ್ತಡ ಅಳೆಯಬೇಕು. ಅದು ಆನ್ ಒತ್ತಡಕ್ಕಿಂತ 2 ಪಿಎಸ್‌ಐ ಕಮ್ಮಿ ಇರಬೇಕು: 40ಕ್ಕೆ 38, 30ಕ್ಕೆ 28. ಬರೀ 20 ಇದ್ದರೆ ನಮ್ಮ 20.6 ಲೀಟರ್ 13.6ಕ್ಕೆ ಇಳಿಯುತ್ತದೆ. 50 ಇದ್ದರೆ ಮೋಟಾರ್ ಆನ್ ಆಗುವ ಮೊದಲೇ ಟ್ಯಾಂಕ್ ಖಾಲಿಯಾಗಿ ನೀರಿನ ಧಾರೆ ಒಮ್ಮೆ ತುಂಡಾಗುತ್ತದೆ. ಅಳೆಯುವ ಮೊದಲು ಮೋಟಾರಿನ ಕರೆಂಟ್ ತೆಗೆದು, ಟ್ಯಾಂಕಿನ ನೀರನ್ನು ಪೂರ್ತಿ ಬಿಡಬೇಕು. ನೀರಿದ್ದಾಗ ಅಳೆದರೆ ಗೇಜ್ ತೋರಿಸುವುದು ಪೈಪಿನ ಒತ್ತಡವನ್ನೇ.

ಬೆಂಗಳೂರಿನ ಮನೆಗಳಲ್ಲಿ ಶವರ್‌ಗಾಗಿ ಹಾಕಿಸುವ ಪ್ರೆಶರ್ ಪಂಪ್‌ಗೆ 24 ಲೀಟರಿನ ಪುಟ್ಟ ಟ್ಯಾಂಕ್ ಜೋಡಿಸಿರುವುದನ್ನು ನೋಡಿರಬಹುದು. ಅದಕ್ಕೂ ಇದೇ ಲೆಕ್ಕ, ಇದೇ ತಪಾಸಣೆ. ಅದರ ಸ್ವಿಚ್ಚಿನ ಸೆಟ್ಟಿಂಗ್ ನೋಡಿಕೊಂಡು ಗಾಳಿ ತುಂಬಿಸಿದರಾಯಿತು.