‘ನನಗೆ ಉತ್ತರ ಕೊಡೋರು ಯಾರು, ಮೇಡಂ?’

ಎರಡು ವರ್ಷದ ಹಿಂದೆ ಹೆಣ್ಣುಮಗಳೊಬ್ಬಳು ಅಣ್ಣನ ಜೊತೆ ನನ್ನ ಕಚೇರಿಗೆ ಬಂದಳು. ಮದುವೆಯಾಗಿ ಹದಿನಾಲ್ಕು ತಿಂಗಳಾಗಿತ್ತು. ಅಣ್ಣನನ್ನು ಹೊರಗೆ ಕೂರಿಸಿ ಬಾಗಿಲು ಹಾಕಿದ ಮೇಲೆ ಬಾಯಿಬಿಟ್ಟಳು. ಮೂರು ವಾರದ ಹಿಂದೆ ಒಂದು ರಾತ್ರಿ ಗಂಡ ಅಳುತ್ತಾ ಎಲ್ಲ ಹೇಳಿಬಿಟ್ಟಿದ್ದ. ತನಗೆ ಎಂದೂ ಹೆಣ್ಣಿನ ಮೇಲೆ ಮನಸ್ಸಾಗಿಲ್ಲ, ಮದುವೆಗೆ ಮುಂಚೆಯೇ ಅಮ್ಮನಿಗೆ ಹೇಳಿದ್ದೆ, ‘ಮದುವೆ ಆದ್ರೆ ಎಲ್ಲಾ ಸರಿಹೋಗುತ್ತೆ’ ಅಂದರು ಎಂದು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಅವರು ಕೆಟ್ಟವರಲ್ಲ ಮೇಡಂ. ಅವರ ಹಕ್ಕಿನ ಬಗ್ಗೆ ಮಾತಾಡೋರು ಟೀವೀಲಿ, ಕೋರ್ಟಲ್ಲಿ ಎಲ್ಲಾ ಕಡೆ ಇದ್ದಾರೆ. ನನಗೆ ಉತ್ತರ ಕೊಡೋರು ಯಾರು?”

(ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಹತ್ತದಂತೆ ಕೆಲವು ವಿವರ ಬದಲಿಸಿದ್ದೇನೆ.)

ಕೌಟುಂಬಿಕ ನ್ಯಾಯಾಲಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ವಕೀಲಿ ಮಾಡಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸುವುದರಲ್ಲಿ ತಪ್ಪಿಲ್ಲ, ರೋಗವೂ ಅಲ್ಲ. ಅವರು ಒಟ್ಟಿಗೆ ಬಾಳುವುದಕ್ಕೆ ಕಾನೂನಿನ ಮನ್ನಣೆ ಸಿಗಬೇಕು. ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಅದಕ್ಕೇ ಆ ಹುಡುಗಿಯ ಪ್ರಶ್ನೆ ನನ್ನನ್ನು ಅಷ್ಟು ಕಾಡಿತು. ಈ ವಿಷಯದಲ್ಲಿ ನಾನು ಕಂಡಿರುವುದೆಲ್ಲ ಹೊಣೆಯನ್ನು ಇನ್ನೊಬ್ಬರ ಅಂಗಳಕ್ಕೆ ತಳ್ಳುವ ಆಟವೇ. ಮಗ ‘ಮನೆಯವರು ಬಲವಂತ ಮಾಡಿದರು’ ಅನ್ನುತ್ತಾನೆ. ಮನೆಯವರು ‘ಸಮಾಜ ಏನನ್ನುತ್ತೆ’ ಅನ್ನುತ್ತಾರೆ. ಪೊಲೀಸರು ‘ಮೇಲಿನಿಂದ ಆದೇಶ ಇಲ್ಲ’ ಅನ್ನುತ್ತಾರೆ. ರಾಜ್ಯ ಸರ್ಕಾರ ಕೇಂದ್ರದ ಕಡೆ ಕೈತೋರಿಸುತ್ತದೆ, ಕೇಂದ್ರ ಸಂಸತ್ತಿನ ಮಾತೆತ್ತುತ್ತದೆ. ಕೊನೆಗೆ ಪೆಟ್ಟು ಬೀಳುವುದು ಇದರಲ್ಲಿ ಯಾವ ಪಾತ್ರವೂ ಇಲ್ಲದ ಒಬ್ಬ ಹುಡುಗಿಗೆ.

ಕೋರ್ಟಿನ ಕಥೆ ಬಹಳ ಮಂದಿಗೆ ಗೊತ್ತಿದೆ, ಹಾಗಾಗಿ ಚುಟುಕಾಗಿ ಹೇಳುತ್ತೇನೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ತೀರ್ಪು ಬಂತು. ಆ ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅದರ ಬುನಾದಿಯ ಮೇಲೆ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ ಭಾರತೀಯ ದಂಡ ಸಂಹಿತೆಯ 377ನೇ ಕಲಂ ವಯಸ್ಕರ ಒಪ್ಪಿತ ಸಂಬಂಧಕ್ಕೆ ಅನ್ವಯಿಸುವುದಿಲ್ಲ ಎಂದಿತು. 2023ರ ಅಕ್ಟೋಬರ್ 17ರಂದು ಅದೇ ನ್ಯಾಯಾಲಯ ಸಲಿಂಗಿಗಳ ಮದುವೆಗೆ ಮಾನ್ಯತೆ ಕೊಡಲು ಒಪ್ಪದೆ, ಅದು ಶಾಸನಸಭೆಗಳ ಕೆಲಸ ಎಂದಿತು. ಅಂದರೆ ಇವತ್ತು ಈ ಸಂಬಂಧ ಅಪರಾಧವಲ್ಲ, ಆದರೆ ಕಾನೂನಿನ ಕಣ್ಣಿಗೆ ಸಂಬಂಧವೂ ಅಲ್ಲ.

ಶಾಸನಸಭೆ ಅಂದಕೂಡಲೇ ಎಲ್ಲರ ಕಣ್ಣು ದೆಹಲಿಯ ಕಡೆ ಹೋಗುತ್ತದೆ. ನನ್ನ ತಕರಾರು ಇರುವುದೇ ಇಲ್ಲಿ. ಯಾವ ವಿಷಯಕ್ಕೆ ಕೇಂದ್ರ, ಯಾವುದಕ್ಕೆ ರಾಜ್ಯ ಕಾನೂನು ಮಾಡಬೇಕು ಎಂದು ಪಟ್ಟಿ ಮಾಡಿರುವ ಸಂವಿಧಾನದ ಏಳನೇ ಅನುಸೂಚಿ ತೆರೆದು ನೋಡಿ. ಪೊಲೀಸ್ ರಾಜ್ಯ ಪಟ್ಟಿಯಲ್ಲಿದೆ. ಆಸ್ಪತ್ರೆ, ಸಾರ್ವಜನಿಕ ಆರೋಗ್ಯ ರಾಜ್ಯ ಪಟ್ಟಿಯಲ್ಲಿದೆ. ಮದುವೆ, ವಿಚ್ಛೇದನ, ದತ್ತು, ಉಯಿಲು, ಉತ್ತರಾಧಿಕಾರ ಇವೆಲ್ಲ ಸಮವರ್ತಿ ಪಟ್ಟಿಯ ಐದನೇ ನಮೂದಿನಲ್ಲಿವೆ, ಕೇಂದ್ರವೂ ಕಾನೂನು ಮಾಡಬಹುದು, ರಾಜ್ಯವೂ ಮಾಡಬಹುದು. ಕೇಂದ್ರದ ಕಾನೂನಿಗೆ ವಿರುದ್ಧವಾದರೆ ರಾಷ್ಟ್ರಪತಿಗಳ ಅಂಕಿತ ಬೇಕು, ಅಷ್ಟೆ.

ಈ ದಾರಿಯಲ್ಲಿ ನಮ್ಮ ನಾಡು ಹಿಂದೆ ನಡೆದಿದೆ. 1933ರಲ್ಲೇ ಮೈಸೂರು ಸಂಸ್ಥಾನ ಹಿಂದೂ ಹೆಣ್ಣುಮಕ್ಕಳ ಆಸ್ತಿ ಹಕ್ಕಿಗೆ ಕಾಯಿದೆ ಮಾಡಿತು, ಬ್ರಿಟಿಷ್ ಇಂಡಿಯಾದ ಕಾಯಿದೆ ಬಂದದ್ದು 1937ರಲ್ಲಿ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನ ಹಾಗೆ ಹುಟ್ಟಿನಿಂದಲೇ ಪಾಲು ಎಂದು ಕೇಂದ್ರ ಹೇಳಿದ್ದು 2005ರಲ್ಲಿ. ಕರ್ನಾಟಕ, ಆಗಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟಾದರೂ, 1994ರಲ್ಲೇ ತಿದ್ದುಪಡಿ ತಂದಿತ್ತು. ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ನೇಮಕಾತಿಯಲ್ಲಿ ಶೇ 1ರ ಸಮತಲ ಮೀಸಲಾತಿಯನ್ನು (ಅಂದರೆ ಎಲ್ಲ ಪ್ರವರ್ಗಗಳ ಒಳಗೂ ಸಿಗುವಂಥದ್ದನ್ನು) 2021ರಲ್ಲಿ ಕೊಟ್ಟದ್ದೂ ಇದೇ ರಾಜ್ಯ. ಮನಸ್ಸು ಮಾಡಿದರೆ ಆಗುತ್ತದೆ ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ಹೀಗೆ ಹೇಳಿದರೆ ಅಧಿಕಾರಿಗಳ ಬಾಯಲ್ಲಿ ಬರುವ ಮಾತು, ‘ಅವರಿಗೆ ಆಗಲೇ ಕೊಟ್ಟಿದ್ದೀವಲ್ಲ ಮೇಡಂ’. ಕೊಟ್ಟದ್ದು ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ. ನಾನು ಯಾರು ಎನ್ನುವುದು ಒಂದು ಮಾತು, ನನ್ನ ಮನಸ್ಸು ಯಾರ ಮೇಲೆ ಎನ್ನುವುದು ಇನ್ನೊಂದು. ಎರಡನ್ನೂ ಒಂದೇ ಕಡತಕ್ಕೆ ಕಟ್ಟಿ ಬೀರುವಿಗೆ ಹಾಕಿರುವುದರಿಂದ ಸಲಿಂಗಿ ಜೋಡಿಗಳು ಯಾವ ಇಲಾಖೆಯ ಕಣ್ಣಿಗೂ ಬೀಳುವುದಿಲ್ಲ. ‘ಸಲಿಂಗಕಾಮಿ’ ಎಂಬ ಪದವೂ ನನಗೆ ಇಷ್ಟವಿಲ್ಲ. ಗಂಡ ಹೆಂಡತಿಯ ಸಂಸಾರಕ್ಕೆ ನಾವು ಕಾಮದ ಹೆಸರಿಟ್ಟು ಕರೆಯುವುದಿಲ್ಲ, ಇವರಿಗೇಕೆ?

ಸಲಿಂಗಿಗಳ ಮದುವೆ ಕುರಿತ 2023ರ ವಿಚಾರಣೆಯ ನಡುವೆ ಕೇಂದ್ರ ಎಲ್ಲ ರಾಜ್ಯಗಳ ಅಭಿಪ್ರಾಯ ಕೇಳಿ ಪತ್ರ ಬರೆದಿತ್ತು. ಏಳು ರಾಜ್ಯಗಳಿಂದ ಉತ್ತರ ಬಂದಿದೆ ಎಂದು ಮೇ 10ರಂದು ನ್ಯಾಯಾಲಯಕ್ಕೆ ತಿಳಿಸಲಾಯಿತು. ರಾಜಸ್ಥಾನ, ಆಂಧ್ರ, ಅಸ್ಸಾಂ ವಿರೋಧಿಸಿದ್ದವು, ಉಳಿದ ನಾಲ್ಕು ಕಾಲಾವಕಾಶ ಕೇಳಿದ್ದವು. ಆ ಏಳರಲ್ಲಿ ಕರ್ನಾಟಕದ ಹೆಸರಿರಲಿಲ್ಲ. ಅದೇ ಮೇ 10ರಂದು ನಾವು ವಿಧಾನಸಭೆಗೆ ಮತ ಹಾಕುತ್ತಿದ್ದೆವು, ನೀತಿ ಸಂಹಿತೆಯ ಕಾಲ, ಅದನ್ನು ಒಪ್ಪುತ್ತೇನೆ. ಆದರೆ ಆ ಚುನಾವಣೆಯಲ್ಲಿ ನನ್ನ ಮನೆ ಬಾಗಿಲಿಗೆ ಬಂದ ಯಾವ ಪಕ್ಷದ ಕಾರ್ಯಕರ್ತರೂ ಈ ಮಾತೆತ್ತಲಿಲ್ಲ. ನಾನೂ ಕೇಳಲಿಲ್ಲ. ಆಮೇಲೆ ಅದಕ್ಕಾಗಿ ಬಹಳ ನೊಂದುಕೊಂಡಿದ್ದೇನೆ. ಕೇಳದ ಮತದಾರರಿಗೆ ಯಾವ ಪಕ್ಷ ತಾನಾಗಿ ಉತ್ತರ ಕೊಟ್ಟೀತು?

ಪೊಲೀಸ್ ಠಾಣೆಯ ವಿಷಯಕ್ಕೆ ಬರೋಣ. ನನ್ನ ಬಳಿ ಬರುವ ಪ್ರಕರಣಗಳಲ್ಲಿ ಅತಿ ಹೆಚ್ಚು ನೋವಿನವು ಇಲ್ಲಿಯವು. ವಯಸ್ಕರಾದ ಇಬ್ಬರು ಹುಡುಗಿಯರು ಮನೆ ಬಿಟ್ಟು ಬಂದು ಒಟ್ಟಿಗೆ ಬಾಡಿಗೆ ಮನೆ ಹಿಡಿಯುತ್ತಾರೆ. ಒಬ್ಬಳ ತಂದೆ ಮಗಳು ಕಾಣೆಯಾಗಿದ್ದಾಳೆ ಎಂದು ದೂರು ಕೊಡುತ್ತಾರೆ. ಠಾಣೆಗೆ ಕರೆಸಿ, ‘ಬುದ್ಧಿವಾದ’ ಹೇಳಿ, ಮುಚ್ಚಳಿಕೆ ಬರೆಸಿಕೊಂಡು ಹುಡುಗಿಯನ್ನು ಅಪ್ಪನ ಕಾರಿಗೆ ಹತ್ತಿಸುತ್ತಾರೆ. ಆಮೇಲೆ ಅವಳ ಫೋನ್ ಸ್ವಿಚ್ ಆಫ್. ಹೀಗೆ ಕಾರು ಹತ್ತಿದ ಒಬ್ಬಳು ಮತ್ತೆ ನನಗೆ ಸಿಕ್ಕಿದ್ದು ಎಂಟು ತಿಂಗಳ ಮೇಲೆ, ಮಾತ್ರೆಗಳ ಮಂಪರಿನಲ್ಲಿ.

ಇದನ್ನು ನಿಲ್ಲಿಸಲು ಹೊಸ ಕಾಯಿದೆಯೇ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ 2021ರ ಜೂನ್ 7ರಂದು ಕೊಟ್ಟ ಆದೇಶ ಅದಕ್ಕೆ ಮಾದರಿ. ಕಾಣೆಯಾದವರು ವಯಸ್ಕರು, ಸ್ವಇಚ್ಛೆಯಿಂದ ಹೋದವರು ಎಂದು ಗೊತ್ತಾದರೆ ಹೇಳಿಕೆ ಪಡೆದು, ಕಿರುಕುಳ ಕೊಡದೆ ಪ್ರಕರಣ ಮುಗಿಸಬೇಕು. ಆ ಆದೇಶ ಬರೆಯುವ ಮೊದಲು ಅವರು ತಮಗೇ ಈ ವಿಷಯ ಸರಿಯಾಗಿ ಗೊತ್ತಿಲ್ಲ ಎಂದು ಒಪ್ಪಿಕೊಂಡು, ಮನಶ್ಶಾಸ್ತ್ರಜ್ಞರ ಮುಂದೆ ಕೂತು ತಿಳಿದುಕೊಂಡರು. ನ್ಯಾಯಪೀಠದಲ್ಲಿ ಕೂತವರು ಹಾಗೆ ಮಾಡಿದ್ದನ್ನು ನೆನೆದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ. ಬಳಿಕ ತಮಿಳುನಾಡು ತನ್ನ ಪೊಲೀಸ್ ನಡತೆ ನಿಯಮವನ್ನೇ ತಿದ್ದಿತು. ಇಂಥ ಜೋಡಿಗಳ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು (ಕೂಡಿಹಾಕಿದವರನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂದು ಕೇಳುವ ಅರ್ಜಿಗಳನ್ನು) ಹೈಕೋರ್ಟುಗಳು ಹೇಗೆ ನಡೆಸಬೇಕು ಎಂದು ಸುಪ್ರೀಂ ಕೋರ್ಟ್ ಕೂಡ 2024ರ ಮಾರ್ಚಿನಲ್ಲಿ ಮಾರ್ಗಸೂಚಿ ಕೊಟ್ಟಿದೆ. ನಮ್ಮ ಒಂದೊಂದು ಠಾಣೆಯ ಗೋಡೆಯ ಮೇಲೂ ಇದು ಕನ್ನಡದಲ್ಲಿ ಇರಬೇಕು. ಇದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ‘ಸರಿಮಾಡುತ್ತೇವೆ’ ಎನ್ನುವ ವೈದ್ಯರ ಹತ್ತಿರ ಮಗುವನ್ನು ಕರೆದುಕೊಂಡು ಹೋಗಬೇಡಿ. ಹಾಗೆ ‘ಸರಿಮಾಡುವುದು’ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಇನ್ನು ಮದುವೆ ಮಾಡಿಸುವುದು ಅದಕ್ಕಿಂತ ಕೆಟ್ಟದ್ದು, ಅಲ್ಲಿ ನಿಮ್ಮ ಮಗನ ಜೊತೆ ಇನ್ನೊಬ್ಬರ ಮಗಳೂ ಹಾಳಾಗುತ್ತಾಳೆ.

ಈಗ ಸಲಿಂಗಿ ಗೆಳೆಯ ಗೆಳತಿಯರಿಗೆ. ಮನೆಯವರಿಗೆ ಹೇಳಲೇಬೇಕು ಎಂದು ನಾನು ಯಾರಿಗೂ ಹೇಳುವುದಿಲ್ಲ. ಹೇಳಿ ಹೊಡೆತ ತಿಂದವರನ್ನು, ಬೀದಿಗೆ ಬಿದ್ದವರನ್ನು ಕಂಡಿದ್ದೇನೆ. ಬಾಯಿಮುಚ್ಚಿ ಇರುವುದು ನಿಮ್ಮ ಹಕ್ಕು. ಆದರೆ ಏನೂ ಅರಿಯದ ಹೆಣ್ಣಿನ ಕೊರಳಿಗೆ ತಾಳಿ ಕಟ್ಟುವುದು ಹಕ್ಕಲ್ಲ. ಭಯ ಎಷ್ಟೇ ನಿಜವಾಗಿರಲಿ, ಅದರ ಬೆಲೆಯನ್ನು ಅವಳಿಂದ ಕಟ್ಟಿಸಬೇಡಿ. ಹಿಂದೂ ವಿವಾಹ ಕಾಯಿದೆಯ 12ನೇ ಕಲಮಿನಲ್ಲಿ, ಮುಖ್ಯವಾದ ಸಂಗತಿ ಮುಚ್ಚಿಟ್ಟು ವಂಚನೆಯಿಂದ ಪಡೆದ ಒಪ್ಪಿಗೆಯ ಮದುವೆಯನ್ನು ರದ್ದು ಮಾಡಿಸಬಹುದು. ವಿಷಯ ತಿಳಿದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ತಿಳಿದ ಮೇಲೂ ಒಪ್ಪಿ ಜೊತೆಗೆ ಬಾಳಿದರೆ ಆ ದಾರಿ ಮುಚ್ಚುತ್ತದೆ. ಬಹಳ ಹೆಣ್ಣುಮಕ್ಕಳು ‘ನೋಡೋಣ, ಸರಿಹೋಗಬಹುದು’ ಎಂದು ಕಾದು ಕಾದು ಆ ವರ್ಷವನ್ನು ಕಳೆದುಕೊಳ್ಳುತ್ತಾರೆ.

ಜೋಡಿಯಾಗಿ ಬಾಳುತ್ತಿರುವವರೇ, ಸಂಸತ್ತು ಕಾನೂನು ಮಾಡುವವರೆಗೆ ನಿಮ್ಮ ಕೈಯಲ್ಲಿ ಕಾಗದವಿದೆ, ಪೆನ್ನಿದೆ. ಉಯಿಲು ಬರೆಯಿರಿ. ಉಯಿಲಿಲ್ಲದೆ ತೀರಿಕೊಂಡ ಹಿಂದೂ ಗಂಡಸಿಗೆ ಹೆಂಡತಿ ಮಕ್ಕಳು ಇಲ್ಲದಿದ್ದರೆ ಆಸ್ತಿ ತಾಯಿಗೆ, ಅವರಿಲ್ಲದಿದ್ದರೆ ತಂದೆಗೆ ಹೋಗುತ್ತದೆ. ಹದಿನೈದು ವರ್ಷ ಜೊತೆಗಿದ್ದ ಸಂಗಾತಿಯ ಹೆಸರು ಆ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ (ಮಾಡಿಸಿದರೆ ಒಳ್ಳೆಯದು). ಇಬ್ಬರು ಸಾಕ್ಷಿಗಳು ಬೇಕು, ಆಸ್ತಿ ಪಡೆಯುವವರು ಸಾಕ್ಷಿ ಹಾಕುವುದು ಬೇಡ. ಮುಸ್ಲಿಮರು ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರೆಯುವಂತಿಲ್ಲ. ‘ನಾಮಿನಿ ಮಾಡಿದ್ದೀನಿ, ಸಾಕು’ ಎಂದು ಬಹಳ ಮಂದಿ ಸುಮ್ಮನಿರುತ್ತಾರೆ. ಸಾಲದು. ನಾಮಿನಿಯ ಕೈಗೆ ಬ್ಯಾಂಕು ಹಣ ಕೊಡುತ್ತದೆ, ಆ ಹಣದ ಒಡೆತನ ವಾರಸುದಾರರದ್ದೇ. ಜೀವ ವಿಮೆಯಲ್ಲೂ ಹಣ ನಾಮಿನಿಗೇ ಸ್ವಂತವಾಗುವ ಸೌಲಭ್ಯ ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳಿಗೆ ಮಾತ್ರ. ಜಂಟಿ ಖಾತೆಗೆ ಅಡ್ಡಿಯಿಲ್ಲ ಎಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿದೆ, ಶಾಖೆಯಲ್ಲಿ ತಕರಾರು ತೆಗೆದರೆ ಅದನ್ನು ತೋರಿಸಿ.

ಆಸ್ಪತ್ರೆಯಲ್ಲಿ, ಪ್ರಜ್ಞೆ ಇರುವ ವಯಸ್ಕ ರೋಗಿಯ ಚಿಕಿತ್ಸೆಗೆ ಒಪ್ಪಿಗೆ ಕೊಡಬೇಕಾದವರು ಆ ರೋಗಿಯೇ. ಅರಿವಳಿಕೆಯಲ್ಲಿದ್ದ ಮಗಳ ಬದಲು ತಾಯಿ ಕೊಟ್ಟ ಒಪ್ಪಿಗೆ ನಡೆಯದು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಮಾನಸಿಕ ಆರೋಗ್ಯ ಕಾಯಿದೆಯಡಿ ನಿಮ್ಮ ಪ್ರತಿನಿಧಿ ಯಾರೆಂದು ಸಾದಾ ಕಾಗದದಲ್ಲಿ ಬರೆದು ಸಹಿ ಹಾಕಿದರೆ ಸಾಕು, ರಕ್ತಸಂಬಂಧಿಯೇ ಆಗಬೇಕಿಲ್ಲ. ಇನ್ನು ಗುಣವಾಗದ ಸ್ಥಿತಿ ಬಂದಾಗ ಏನು ಮಾಡಬೇಕು ಎಂಬ ಮುಂಗಡ ಸೂಚನೆಯನ್ನು ಇಬ್ಬರು ಸಾಕ್ಷಿಗಳ ಮುಂದೆ ಬರೆದು ನೋಟರಿ ಮಾಡಿಸಬಹುದು. ಇದಕ್ಕೆ ಅವಕಾಶ ಕೊಟ್ಟ, ಘನತೆಯ ಸಾವಿನ ಕುರಿತ ಸುಪ್ರೀಂ ಕೋರ್ಟಿನ ಆದೇಶವನ್ನು ಜಾರಿಗೊಳಿಸಲು ನಮ್ಮ ಆರೋಗ್ಯ ಇಲಾಖೆ 2025ರ ಜನವರಿ ಕೊನೆಗೆ ಸುತ್ತೋಲೆ ಹೊರಡಿಸಿತು. ಸುತ್ತೋಲೆಯ ಬಲ ಎಷ್ಟೆಂದು ಸರ್ಕಾರಕ್ಕೆ ಗೊತ್ತಿದೆ. ‘ರೋಗಿ ಹೆಸರಿಸಿದವರನ್ನು ಒಳಗೆ ಬಿಡಿ’ ಎಂಬ ಇನ್ನೊಂದು ಸುತ್ತೋಲೆಗೆ ನಾನು ಕಾಯುತ್ತಿದ್ದೇನೆ.

ಆ ಹುಡುಗಿ ಕೊನೆಗೆ ರದ್ದತಿಯ ಅರ್ಜಿ ಹಾಕಲಿಲ್ಲ. ಅದರಲ್ಲಿ ಅವನ ವಿಷಯವನ್ನೆಲ್ಲ ಬರೆಯಬೇಕಾಗುತ್ತದೆ ಎಂದಾಗ ಬೇಡವೆಂದಳು. ಒಂದು ವರ್ಷ ಬೇರೆ ಇದ್ದು, ಪರಸ್ಪರ ಒಪ್ಪಿಗೆಯ ವಿಚ್ಛೇದನದ ಅರ್ಜಿಗೆ ಇಬ್ಬರೂ ಸಹಿ ಮಾಡಿದರು. ಅದರಲ್ಲಿ ‘ಹೊಂದಾಣಿಕೆ ಆಗಲಿಲ್ಲ’ ಎಂದಷ್ಟೇ ಇತ್ತು. ಅವಳು ಕೇಳಿದ್ದು ಒಂದನ್ನೇ. ಊರಲ್ಲಿ ಎಲ್ಲರೂ ನನ್ನಲ್ಲೇ ಏನೋ ಕೊರತೆ ಅಂತಿದ್ದಾರೆ, ನನ್ನ ಅಪ್ಪನಿಗೆ ಅವರೇ ಹೇಳಲಿ.

ಸಹಿ ಹಾಕುವ ದಿನ ಅವನು ಎರಡು ಪುಟದ ಪತ್ರ ತಂದಿದ್ದ, ಕೈಬರಹದಲ್ಲಿ. ಯಾರ ಮೇಲೂ ತಪ್ಪು ಹೊರಿಸಿರಲಿಲ್ಲ, ತನ್ನ ಅಮ್ಮನ ಮೇಲೂ. ಹುಡುಗಿಯ ತಂದೆ ನನ್ನ ಕಚೇರಿಯ ಕಿಟಕಿ ಹತ್ತಿರ ನಿಂತು ಅದನ್ನು ಎರಡು ಸಲ ಓದಿದರು. ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡರು. ಆಮೇಲೆ ಹುಡುಗನ ಕಡೆ ತಿರುಗಿ, “ಊಟ ಆಯ್ತೇನಪ್ಪಾ?” ಎಂದು ಕೇಳಿದರು.