ಕವಿಯ ದಿನಚರಿ: ರಾಜಶೇಖರನ ‘ಕಾವ್ಯಮೀಮಾಂಸೆ’ಯ ಹತ್ತನೆಯ ಅಧ್ಯಾಯದ ಟಿಪ್ಪಣಿ

ಕಾವ್ಯಕ್ಕೆ ಕಾರಣವಾವುದು ಎಂಬ ಪ್ರಶ್ನೆಗೆ ನಾವೆಲ್ಲರೂ ಪ್ರತಿಭೆ, ವ್ಯುತ್ಪತ್ತಿ (ಓದಿನಿಂದ ಬಂದ ಪಾಂಡಿತ್ಯ), ಅಭ್ಯಾಸ ಎಂದು ಉತ್ತರ ಬರೆದು ಮುಂದಕ್ಕೆ ಹೋಗುತ್ತೇವೆ. ಆ ಅಭ್ಯಾಸವು ದಿನದ ಯಾವ ಹೊತ್ತಿನಲ್ಲಿ, ಯಾವ ಬಗೆಯಲ್ಲಿ ನಡೆಯಬೇಕು ಎಂಬುದನ್ನು ಬಿಡಿಸಿ ಹೇಳಿದವನು ರಾಜಶೇಖರ. ಹತ್ತನೆಯ ಶತಮಾನದ ಆರಂಭದಲ್ಲಿ ಕನೌಜಿನ ಪ್ರತೀಹಾರ ದೊರೆಗಳ ಆಶ್ರಯದಲ್ಲಿದ್ದ ಈ ಸಂಸ್ಕೃತ ಕವಿಯು ಕಾವ್ಯವನ್ನು ಕುರಿತ ತನ್ನ ಶಾಸ್ತ್ರಗ್ರಂಥವಾದ ‘ಕಾವ್ಯಮೀಮಾಂಸೆ’ಯನ್ನು 18 ಅಧಿಕರಣಗಳಲ್ಲಿ, ಎಂದರೆ ದೊಡ್ಡ ಭಾಗಗಳಲ್ಲಿ, ರಚಿಸಲು ಯೋಜಿಸಿದ್ದನು, ಇಂದು ನಮಗೆ ದೊರೆಯುವುದು ‘ಕವಿರಹಸ್ಯ’ವೆಂಬ ಮೊದಲ ಅಧಿಕರಣ ಮಾತ್ರ, ಅದು ಅಚ್ಚಾದದ್ದು 1916ರಲ್ಲಿ, ಬರೋಡದಲ್ಲಿ. ಅದರ ಹತ್ತನೆಯ ಅಧ್ಯಾಯವೇ ಕವಿಚರ್ಯೆ, ಎಂದರೆ ಕವಿಯ ನಡೆವಳಿಕೆ ಮತ್ತು ದಿನಚರಿ.

ಮೊದಲು ಓದಿನ ವಿಷಯ. ನಾಮಪದಗಳ ಮತ್ತು ಧಾತುಗಳ (ಕ್ರಿಯಾಪದಗಳ ಮೂಲರೂಪಗಳ) ಪಾರಾಯಣ, ನಿಘಂಟು, ಛಂದಸ್ಸು, ಅಲಂಕಾರ ಇವು ಕಾವ್ಯವಿದ್ಯೆಗಳು; ಅರವತ್ತನಾಲ್ಕು ಕಲೆಗಳು ಉಪವಿದ್ಯೆಗಳು. ಇವುಗಳನ್ನು ಕಲಿತ ಮೇಲೆಯೇ ಕಾವ್ಯರಚನೆಗೆ ತೊಡಗಬೇಕು. ಆದರೆ ರಾಜಶೇಖರನ ಪಟ್ಟಿ ಗ್ರಂಥಗಳಲ್ಲಿ ಮುಗಿಯುವುದಿಲ್ಲ. ಹಿರಿಯ ಕವಿಗಳ ಒಡನಾಟ, ದೇಶದೇಶಗಳ ಸುದ್ದಿ, ಜಾಣರ ಮಾತುಕತೆ, ಲೋಕದ ನಡೆ, ವಿದ್ವಾಂಸರ ಗೋಷ್ಠಿ, ಪೂರ್ವಕವಿಗಳ ಕೃತಿಗಳು ಇವೆಲ್ಲವನ್ನೂ ಅವನು ಕಾವ್ಯದ ತಾಯಂದಿರೆಂದು ಕರೆಯುತ್ತಾನೆ. ಇದಕ್ಕೆ ಹೊಂದಿಕೊಂಡೇ ಬರುವ ಶ್ಲೋಕವೊಂದು ಕವಿತ್ವಕ್ಕೆ ಎಂಟು ತಾಯಂದಿರನ್ನು ಹೇಳುತ್ತದೆ: ಸ್ವಾಸ್ಥ್ಯ, ಪ್ರತಿಭೆ, ಅಭ್ಯಾಸ, ಭಕ್ತಿ, ವಿದ್ವತ್ಕಥೆ (ವಿದ್ವಾಂಸರೊಡನೆ ಮಾತುಕತೆ), ಬಹುಶ್ರುತತೆ (ಬಹಳ ಕೇಳಿ ತಿಳಿದಿರುವುದು), ಸ್ಮೃತಿದಾರ್ಢ್ಯ (ಗಟ್ಟಿಯಾದ ನೆನಪು), ಅನಿರ್ವೇದ. ಕೊನೆಯ ಪದವನ್ನು ಗಮನಿಸಬೇಕು. ನಿರ್ವೇದವೆಂದರೆ ಬೇಸತ್ತು ಕೈಚೆಲ್ಲುವುದು, ಅದಿಲ್ಲದಿರುವುದೇ ಅನಿರ್ವೇದ. ಪ್ರತಿಭೆಯ ಸಾಲಿನಲ್ಲಿಯೇ ದೇಹದ ಆರೋಗ್ಯವನ್ನೂ ಮನಸ್ಸಿನ ಈ ಪಟ್ಟನ್ನೂ ಇರಿಸಿರುವುದು ಈ ಅಧ್ಯಾಯದ ಒಟ್ಟು ದೃಷ್ಟಿಯನ್ನು ತೋರಿಸುತ್ತದೆ.

ಕವಿಯ ಮನೆ ಚೊಕ್ಕಟವಾಗಿರಬೇಕು, ಆರು ಋತುಗಳಿಗೂ ಒಗ್ಗುವ ತಾಣಗಳು ಅಲ್ಲಿರಬೇಕು ಎಂಬ ವರ್ಣನೆಯು ಆಸ್ಥಾನಕವಿಯ ಸಿರಿತನಕ್ಕೆ ಸಲ್ಲುವಂಥದ್ದು. ಅದರಲ್ಲಿ ನಮಗೆ ಹೆಚ್ಚಿನ ಪ್ರಯೋಜನವಿಲ್ಲ. ಬರೆಯುವ ಸಲಕರಣೆಗಳ ಮಾತು ಹಾಗಲ್ಲ. ಹಲಗೆ ಮತ್ತು ಬಳಪವಿರುವ ಪೆಟ್ಟಿಗೆ, ಲೇಖನಿ, ಮಸಿಕುಡಿಕೆ, ತಾಳೆಗರಿ ಇಲ್ಲವೇ ಭೂರ್ಜಪತ್ರ (ಭೂರ್ಜಮರದ ತೊಗಟೆ), ಕಬ್ಬಿಣದ ಮುಳ್ಳುಗಳು, ಇವುಗಳ ಜೊತೆಗೆ ಚೆನ್ನಾಗಿ ಉಜ್ಜಿ ನುಣುಪು ಮಾಡಿದ ಗೋಡೆಗಳು ಸದಾ ಕೈಗೆಟಕುವಂತಿರಬೇಕಂತೆ. ಅಳಿಸಿ ಬರೆಯುವುದಕ್ಕೆ ಹಲಗೆ, ಉಳಿಸಿಕೊಳ್ಳುವುದಕ್ಕೆ ಗರಿ ಎಂದು ನಾನು ಇದನ್ನು ಅರ್ಥ ಮಾಡಿಕೊಂಡಿದ್ದೇನೆ. ಆ ಗೋಡೆಯ ಮಾತನ್ನು ಓದಿದಾಗಲೆಲ್ಲ, ಹೊಳೆದ ಸಾಲು ಜಾರಿಹೋಗುವ ಮೊದಲೇ ಎದ್ದು ಹೋಗಿ ಗೋಡೆಗೆ ಗೀಚುವ ಕವಿಯೊಬ್ಬನು ನನ್ನ ಕಣ್ಣಿಗೆ ಕಟ್ಟುತ್ತಾನೆ. ಇವೇ ಕಾವ್ಯವಿದ್ಯೆಯ ಪರಿಕರಗಳೆಂದು ಆಚಾರ್ಯರು ಹೇಳುತ್ತಾರೆ ಎಂದು ತಿಳಿಸಿ, ಪ್ರತಿಭೆಯೇ ಪರಿಕರವೆಂದು ಯಾಯಾವರೀಯನ ಮತ ಎಂದು ರಾಜಶೇಖರನು ಸೇರಿಸುತ್ತಾನೆ. ಯಾಯಾವರೀಯನೆಂದರೆ ಅವನೇ.

ದಿನವನ್ನು ಅವನು ಪ್ರಹರಗಳಾಗಿ ವಿಂಗಡಿಸುತ್ತಾನೆ. ಒಂದು ಪ್ರಹರವೆಂದರೆ ಸುಮಾರು 3 ಗಂಟೆ. ಬೆಳಗಿನ ಸಂಧ್ಯಾವಂದನೆಯಾದ ಮೇಲೆ ಮೊದಲ ಪ್ರಹರವು ವಿದ್ಯೆ ಮತ್ತು ಉಪವಿದ್ಯೆಗಳ ಅಧ್ಯಯನಕ್ಕೆ, ಎರಡನೆಯದು ರಚನೆಗೆ ಮೀಸಲು. ನಡುಹಗಲಿನಲ್ಲಿ ಸ್ನಾನ, ಊಟ; ಊಟವಾದ ಮೇಲೆ ಕಾವ್ಯಗೋಷ್ಠಿ, ಸಮಸ್ಯಾಪೂರಣ (ಕೊಟ್ಟ ಸಾಲಿಗೆ ಪದ್ಯವನ್ನು ಪೂರ್ತಿ ಮಾಡುವುದು), ಪ್ರಶ್ನೋತ್ತರ. ನಾಲ್ಕನೆಯ ಪ್ರಹರದಲ್ಲಿ ಕವಿಯು ಒಬ್ಬನೇ ಕುಳಿತು, ಇಲ್ಲವೇ ಆಪ್ತರಾದ ಕೆಲವರೊಡನೆ, ಬೆಳಿಗ್ಗೆ ರಚಿಸಿದುದನ್ನು ಪರೀಕ್ಷಿಸಬೇಕು.

ಇಡೀ ಅಧ್ಯಾಯದ ತಿರುಳು ಇಲ್ಲಿದೆಯೆಂದು ನನಗೆ ತೋರುತ್ತದೆ. ರಸಾವೇಶದಲ್ಲಿ ರಚಿಸುತ್ತಿರುವವನಿಗೆ ವಿವೇಚಿಸುವ ದೃಷ್ಟಿ ಇರುವುದಿಲ್ಲ, ಆದ್ದರಿಂದ ಆಮೇಲೆ ಪರೀಕ್ಷಿಸಬೇಕು ಎಂಬುದು ಅವನು ಕೊಡುವ ಕಾರಣ. ಹೆಚ್ಚಾದುದನ್ನು ಬಿಡುವುದು, ಕೊರತೆಯಾದುದನ್ನು ತುಂಬುವುದು, ತಪ್ಪಾಗಿ ಕುಳಿತ ಪದವನ್ನು ಬದಲಿಸುವುದು, ಮರೆತುದನ್ನು ನೆನೆದು ಸೇರಿಸುವುದು, ಹೀಗೆ ಪರೀಕ್ಷೆಯ ಕೆಲಸ ನಾಲ್ಕು ಬಗೆಯದು. ಬರೆಯುವ ಹೊತ್ತಿಗೂ ತಿದ್ದುವ ಹೊತ್ತಿಗೂ ನಡುವೆ ಒಂದು ಊಟವನ್ನೂ ಒಂದು ಗೋಷ್ಠಿಯನ್ನೂ ಇಟ್ಟಿರುವುದು ಸುಮ್ಮನೆ ಅಲ್ಲ. ಬೆಳಗಿನ ಆವೇಶವು ಅಷ್ಟರಲ್ಲಿ ಆರಿರುತ್ತದೆ, ಪರರ ಮಾತುಗಳನ್ನು ಕೇಳಿ ಕಿವಿ ಹೊಸದಾಗಿರುತ್ತದೆ. ಬರೆಯುತ್ತಿರುವಾಗಲೇ ತಿದ್ದಲು ಹೋಗಿ ಮೊದಲ ಸಾಲನ್ನೇ ದಾಟಲಾಗದೆ ಎಷ್ಟೋ ಬೆಳಗುಗಳನ್ನು ಕಳೆದುಕೊಂಡ ನನಗೆ ಈ ವ್ಯವಸ್ಥೆಯ ಬೆಲೆ ಚೆನ್ನಾಗಿ ತಿಳಿದಿದೆ.

ಹೀಗೆ ಪರೀಕ್ಷಿಸಿದುದನ್ನು ಸಂಜೆಯ ಸಂಧ್ಯೆಯ ನಂತರ ಶುದ್ಧಪ್ರತಿ ಮಾಡಬೇಕು. ರಾತ್ರಿಯ ಎರಡನೆಯ ಮತ್ತು ಮೂರನೆಯ ಪ್ರಹರಗಳಲ್ಲಿ ಚೆನ್ನಾಗಿ ನಿದ್ರಿಸಿ, ನಾಲ್ಕನೆಯದರಲ್ಲಿ ಪ್ರಯತ್ನಪೂರ್ವಕವಾಗಿ ಏಳಬೇಕು. ಬ್ರಾಹ್ಮೀ ಮುಹೂರ್ತದಲ್ಲಿ ತಿಳಿಯಾದ ಮನಸ್ಸಿಗೆ ಅರ್ಥಗಳು ತಾವಾಗಿ ಕಾಣಿಸುತ್ತವೆ. ಕೃತಿಯ ಹಲವು ಪ್ರತಿಗಳನ್ನು ಮಾಡಿಸಿಡಬೇಕೆಂಬ ಎಚ್ಚರಿಕೆಯೂ ಇದೆ, ಏಕೆಂದರೆ ಅಡವಿಟ್ಟು, ಮಾರಿ, ದಾನಕೊಟ್ಟು, ಬೆಂಕಿಗೆ ಅಥವಾ ನೀರಿಗೆ ಸಿಕ್ಕಿ ಕಾವ್ಯಗಳು ಹಾಳಾಗುತ್ತವೆ. ಮುಂದೆ ಮುಗಿಸುತ್ತೇನೆ, ಮುಂದೆ ತಿದ್ದುತ್ತೇನೆ, ಗೆಳೆಯರೊಡನೆ ಕುಳಿತು ವಿಚಾರ ಮಾಡುತ್ತೇನೆ ಎಂದು ತಳ್ಳುತ್ತಾ ಹೋಗುವುದನ್ನೂ ಅವನು ಕೃತಿನಾಶದ ಕಾರಣಗಳಲ್ಲಿಯೇ ಎಣಿಸುತ್ತಾನೆ.

ದಿನವಿಡೀ ಬಿಡುವಿರುವವರಿಗೆ ಮಾತ್ರ ಇದು ಸಾಧ್ಯವಲ್ಲವೇ ಎಂಬ ಪ್ರಶ್ನೆ ಓದುತ್ತಿರುವಾಗಲೇ ಏಳುತ್ತದೆ. ರಾಜಶೇಖರನು ಕವಿಗಳನ್ನು ಕಾಲಕ್ಕೆ ತಕ್ಕಂತೆ ನಾಲ್ಕು ಬಗೆಯಾಗಿ ನೋಡುತ್ತಾನೆ: ನೆಲಮಾಳಿಗೆಯಂಥ ಕಡೆ ಕುಳಿತು ಕಾವ್ಯವನ್ನೇ ವ್ರತವಾಗಿ ಹಿಡಿದ ಅಸೂರ್ಯಂಪಶ್ಯ, ಅಷ್ಟು ಕಟ್ಟುನಿಟ್ಟಿಲ್ಲದೆ ತನ್ಮಯನಾಗಿ ಬರೆಯುವ ನಿಷಣ್ಣ, ಸೇವಾವೃತ್ತಿಗೆ ಅಡ್ಡಿಬಾರದಂತೆ ಬರೆಯುವ ದತ್ತಾವಸರ, ಸಂದರ್ಭಕ್ಕಾಗಿ ಬರೆಯುವ ಪ್ರಾಯೋಜನಿಕ. ನೌಕರಿ ಮಾಡುತ್ತಾ ಬರೆಯುವ ನಮ್ಮಂಥವರು ಮೂರನೆಯ ಬಗೆಯವರು. ಅಂಥವರಿಗೆ ಅವನು ತೋರಿಸುವ ಹೊತ್ತುಗಳಲ್ಲಿ ರಾತ್ರಿಯ ಕೊನೆಯ ಜಾವ, ಊಟ ಮುಗಿದ ಗಳಿಗೆ ಮತ್ತು ಪಲ್ಲಕ್ಕಿಯಲ್ಲಿ ಕುಳಿತು ಸಾಗುವ ದಾರಿ ಸೇರಿವೆ. ದಾರಿಯಲ್ಲಿ ಬೇರೆ ವಿಷಯಗಳಿಂದ ಬಿಡಿಸಿಕೊಂಡ ಮನಸ್ಸು ಯಾವುದರ ಮೇಲೆ ನೆಟ್ಟರೂ ಅದಕ್ಕೆ ಅಮೃತಬಳ್ಳಿಯಂತೆ ಅಂಟಿಕೊಳ್ಳುತ್ತದೆ ಎನ್ನುತ್ತಾನೆ ಅವನು.