ಅಡುಗೆಮನೆಗೂ ಕೇಳಿಸಿದ ವ್ಯತ್ಯಾಸ

ಡ್ಯಾಕ್ ಅಂದರೆ ಡಿಜಿಟಲ್ ಸಂಗೀತವನ್ನು ಆಂಪ್ಲಿಫೈಯರ್‌ಗೆ ಕೊಡುವ ಸಿಗ್ನಲ್ಲಾಗಿ ಬದಲಿಸುವ ಪೆಟ್ಟಿಗೆ. ಹೊಸದೊಂದನ್ನು ತಂದವರು ನನಗೆ ಫೋನ್ ಮಾಡಿ ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು. 'ಇಷ್ಟು ದಿನ ಕೇಳದೇ ಇದ್ದ ತಂಬೂರಿ ಈಗ ಕೇಳ್ತಿದೆ ಸಾರ್.' 'ಹಾಡೋರು ಎದುರಿಗೇ ಕೂತ ಹಾಗಿದೆ.' ನಾನು ವಾಪಸ್ ಕೇಳುವುದೂ ಒಂದೇ ಪ್ರಶ್ನೆ. ಹಳೆಯದನ್ನೂ ಹೊಸದನ್ನೂ ಒಂದೇ ಮಟ್ಟದ ಸೌಂಡಿಗೆ ತಂದು ಕೇಳಿದಿರಾ? ಆ ಕಡೆ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಆಮೇಲೆ, 'ವಾಲ್ಯೂಮ್ ನಾಬ್ ಮುಟ್ಟೇ ಇಲ್ಲ ಸಾರ್, ಎರಡಕ್ಕೂ ಅದೇ ಜಾಗದಲ್ಲಿತ್ತು' ಎನ್ನುತ್ತಾರೆ.

ಮುಟ್ಟಬೇಕಿತ್ತು. ಆಂಪ್ಲಿಫೈಯರ್ ರಿಪೇರಿ ಮಾಡುತ್ತಾ, ಮನೆಗಳಲ್ಲಿ ಸ್ಪೀಕರ್ ಕೂರಿಸುತ್ತಾ ಇಷ್ಟು ವರ್ಷ ಕಳೆದೆ. ಇದೊಂದನ್ನು ಹೇಳಿ ಹೇಳಿ ಸಾಕಾಗಿದೆ. ಬರೆದಿಟ್ಟರೆ ಮುಂದಿನ ಸಲ ಫೋನಿನಲ್ಲಿ ಕಳಿಸಿಬಿಡಬಹುದು.

ಮೈಸೂರಿನ ಕುವೆಂಪುನಗರದಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಇದ್ದಾರೆ. ಮೂವತ್ತು ವರ್ಷ ಪಿಯುಸಿ ಹುಡುಗರಿಗೆ ಭೌತಶಾಸ್ತ್ರ ಕಲಿಸಿದವರು. ಅವರ ಹತ್ತಿರ ಸುಮಾರು ಒಂಬತ್ತು ಸಾವಿರದ ಒಂದು ಡ್ಯಾಕ್ ಇತ್ತು. ಅಮೆರಿಕದಿಂದ ಬಂದ ಮಗ ಒಂದೂವರೆ ಲಕ್ಷದ ಇನ್ನೊಂದನ್ನು ತಂದುಕೊಟ್ಟ. ನನ್ನನ್ನು ಮನೆಗೆ ಕರೆದದ್ದು ಏನನ್ನೂ ರಿಪೇರಿ ಮಾಡುವುದಕ್ಕಲ್ಲ, ಕೇಳಿ ಮೆಚ್ಚುವುದಕ್ಕೆ. ಮೊದಲು ಹಳೆಯದರಲ್ಲಿ ಮಲ್ಲಿಕಾರ್ಜುನ ಮನಸೂರರನ್ನು ಹಾಕಿದರು. ನಡುವೆ ರಿಮೋಟ್ ಒತ್ತಿ ಹೊಸದಕ್ಕೆ ಬದಲಿಸಿದರು. 'ನೋಡಿದ್ರಾ, ದನಿಗೆ ಮೈ ತುಂಬಿಕೊಳ್ತು!' ಅಷ್ಟರಲ್ಲಿ ಅಡುಗೆಮನೆಯಿಂದ ಅವರ ಮನೆಯವರ ದನಿ ಬಂತು. 'ರೀ, ಸ್ವಲ್ಪ ಕಮ್ಮಿ ಮಾಡ್ರೀ, ಕುಕ್ಕರ್ ಸೀಟಿ ಕೇಳ್ತಿಲ್ಲ.'

ಈ ಹವ್ಯಾಸದವರಲ್ಲಿ ಒಂದು ಹಳೆಯ ವಾದವಿದೆ. 'ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿಗೂ ವ್ಯತ್ಯಾಸ ಗೊತ್ತಾಯಿತು' ಎಂದು ಹೇಳಿದರೆ ಮುಗಿಯಿತು, ಮತ್ತೆ ಪ್ರಶ್ನೆ ಕೇಳುವಂತಿಲ್ಲ. ಗೊತ್ತಾಗಿರುತ್ತದೆ, ಇಲ್ಲ ಎನ್ನುವುದಿಲ್ಲ. ಏನು ಗೊತ್ತಾಯಿತು ಎಂದು ಅವರನ್ನು ಯಾರೂ ಕೇಳಿರುವುದಿಲ್ಲ, ಅಷ್ಟೇ.

ನಾನು ಹಿಂದೆ ಬಗ್ಗಿ ನೋಡಿದೆ. ಹಳೆಯ ಡ್ಯಾಕ್ ಮಾಮೂಲಿ ಆರ್‌ಸಿಎ ಕೇಬಲ್‌ನಲ್ಲಿ ಆಂಪ್‌ಗೆ ಸೇರಿತ್ತು. ಹೊಸದು ಮೂರು ಪಿನ್ನಿನ ದಪ್ಪ ಎಕ್ಸ್‌ಎಲ್‌ಆರ್‌ನಲ್ಲಿ. ಸಿಡಿ ಪ್ಲೇಯರ್ ಕಾಲದಿಂದಲೂ ಆರ್‌ಸಿಎಯಲ್ಲಿ ಸುಮಾರು 2 ವೋಲ್ಟ್ ಕೊಡುವುದು ವಾಡಿಕೆ. ಎಕ್ಸ್‌ಎಲ್‌ಆರ್‌ನಲ್ಲಿ ಸಾಮಾನ್ಯವಾಗಿ 4. ಎರಡರಷ್ಟು ವೋಲ್ಟ್ ಅಂದರೆ 6 ಡೆಸಿಬೆಲ್ ಜಾಸ್ತಿ. ಕೆಲವು ಆಂಪ್‌ಗಳು ಎಕ್ಸ್‌ಎಲ್‌ಆರ್ ಇನ್‌ಪುಟ್ಟಿನಲ್ಲೇ ಇದನ್ನು ತಗ್ಗಿಸುತ್ತವೆ. ಮೇಷ್ಟ್ರ ಆಂಪ್ ತಗ್ಗಿಸುತ್ತಿರಲಿಲ್ಲ. 6 ಡೆಸಿಬೆಲ್ ಯಾರಿಗಾದರೂ ಗೊತ್ತಾಗುವಷ್ಟು ದೊಡ್ಡದು. ಆದರೆ ಮಗ ಅಷ್ಟು ದೂರದಿಂದ ಹೊತ್ತು ತಂದ ಪೆಟ್ಟಿಗೆ ಕಣ್ಣೆದುರಿಗೆ ಇರುವಾಗ 'ಜೋರಾಯಿತು' ಅನ್ನುವ ಮಾತು ಯಾರ ಬಾಯಿಗೆ ಬರುತ್ತದೆ ಹೇಳಿ. 'ಚೆನ್ನಾಯಿತು' ಅಂತಲೇ ಬರುವುದು.

ಇದಕ್ಕಿಂತ ಮೋಸಗೊಳಿಸುವುದು ಸಣ್ಣ ವ್ಯತ್ಯಾಸ. ಎರಡೂ ಆರ್‌ಸಿಎ ಅಂತಲೇ ಇಟ್ಟುಕೊಳ್ಳಿ. ಒಂದು 2 ವೋಲ್ಟ್ ಕೊಡುತ್ತದೆ, ಇನ್ನೊಂದು 2.25. ಇದು 1 ಡೆಸಿಬೆಲ್ ಅಂತರ. ಇಂಥದ್ದು ಅಂಗಡಿಯ ಮಾಲಿನಲ್ಲಿ ಮಾಮೂಲಿ. ಇಷ್ಟು ಸಣ್ಣ ಅಂತರ ಕಿವಿಗೆ 'ಜೋರು' ಅಂತ ಕೇಳಿಸುವುದೇ ಇಲ್ಲ. ಸ್ಪಷ್ಟ, ತುಂಬು, ಹತ್ತಿರ, ಜೀವಂತ ಅಂತ ಕೇಳಿಸುತ್ತದೆ. ಇದಕ್ಕೆ ಕಾರಣವಿದೆ. ನಮ್ಮ ಕಿವಿ ಎಲ್ಲ ಸ್ವರಗಳನ್ನೂ ಒಂದೇ ಹದದಲ್ಲಿ ಕೇಳುವುದಿಲ್ಲ. ಸೌಂಡ್ ಕಡಿಮೆ ಇದ್ದಾಗ ಮಂದ್ರದ ತಳವೂ ತೀರಾ ಮೇಲಿನ ಮಿಣುಕೂ ಮೊದಲು ಮರೆಯಾಗುತ್ತವೆ. ಜೋರು ಮಾಡಿದಂತೆ ಎರಡೂ ತುದಿ ಮೇಲೆ ಬರುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು ಇದನ್ನು 1933ರಲ್ಲೇ ಅಳೆದು ಗ್ರಾಫ್ ಬರೆದಿಟ್ಟಿದ್ದಾರೆ. ಇದರ ಜೊತೆಗೆ ನಮ್ಮ ಮನೆಗಳ ಸೀಲಿಂಗ್ ಫ್ಯಾನ್ ಬೇರೆ. ತಂಬೂರಿ ಮೊದಲಿನಿಂದಲೂ ಅಲ್ಲೇ ಇತ್ತು, ಫ್ಯಾನಿನ ಸದ್ದಿನಲ್ಲಿ ಮುಳುಗಿತ್ತು. ಸೌಂಡ್ ತುಸು ಏರಿದೊಡನೆ ತಲೆ ಮೇಲೆತ್ತಿತು. ಜನ ಒಂದೂವರೆ ಲಕ್ಷಕ್ಕೆ ಹೊಗಳುತ್ತಾರೆ.

ಹಾಗಾದರೆ ಕಿವಿಯಲ್ಲೇ ಸರಿಮಾಡಿಕೊಳ್ಳುತ್ತೇನೆ ಎಂದರು ಮೇಷ್ಟ್ರು. ಆಗುವುದಿಲ್ಲ. ಫೋನಿನ ಆ್ಯಪ್‌ನಲ್ಲೂ ಆಗುವುದಿಲ್ಲ, ನೀವು ಅರ್ಧ ಅಡಿ ಸರಿದರೆ ಅದರ ಅಂಕಿ ಬದಲಾಗುತ್ತದೆ. ಮಲ್ಟಿಮೀಟರ್ ಬೇಕು. ಎಲ್ಲ ಮೀಟರೂ ಆಗುವುದಿಲ್ಲ. ಎಲೆಕ್ಟ್ರಿಷಿಯನ್‌ಗಳ ಜೇಬಿನಲ್ಲಿರುವ ಹಳದಿ ಬಣ್ಣದ ಚಿಕ್ಕ ಮೀಟರಿನಲ್ಲಿ ಎಸಿ ಅಳತೆ 200 ವೋಲ್ಟ್ ರೇಂಜಿನಿಂದ ಶುರುವಾಗುತ್ತದೆ. ಅದರಲ್ಲಿ 1.40ಕ್ಕೂ 1.41ಕ್ಕೂ ವ್ಯತ್ಯಾಸ ಕಾಣುವುದಿಲ್ಲ. 2 ವೋಲ್ಟ್ ಎಸಿ ರೇಂಜ್ ಇರುವುದನ್ನು ತನ್ನಿ. 200 ಹರ್ಟ್ಸ್ ಆಸುಪಾಸಿನ ಒಂದು ಟೋನ್ ಹಾಕಿ. 1000 ಹರ್ಟ್ಸ್‌ಗೆ ಹೋದರೆ ಅಗ್ಗದ ಮೀಟರ್‌ಗಳು ತಪ್ಪು ತೋರಿಸುವುದುಂಟು. 50 ಬೇಡ, ಕರೆಂಟಿನ ಗುಂಯ್ ಕೂಡ ಸೇರಿಕೊಳ್ಳುತ್ತದೆ. ಅಳೆಯುವುದು ಡ್ಯಾಕ್‌ನ ಹಿಂದೆ ಅಲ್ಲ, ಸ್ಪೀಕರ್ ಟರ್ಮಿನಲ್‌ನಲ್ಲಿ. ಅಲ್ಲಿ ಅಳೆದರೆ ಕೇಬಲ್ಲು, ಇನ್‌ಪುಟ್ಟು ಎಲ್ಲದರ ಲೆಕ್ಕವೂ ಒಟ್ಟಿಗೆ ಸಿಗುತ್ತದೆ. ಒಂದೇ ಎಚ್ಚರ: ಮೀಟರಿನ ಎರಡು ಕಡ್ಡಿಗಳ ತುದಿ ಅಲ್ಲಿ ಒಂದಕ್ಕೊಂದು ತಾಗಬಾರದು. ತಾಗಿದರೆ ಆಂಪ್ ಸುಟ್ಟುಹೋದೀತು. ಕೈ ನಡುಗುವವರು ಬೇರೆಯವರ ಕೈಲಿ ಮಾಡಿಸಿ.

ಮೇಷ್ಟ್ರ ಮನೆಯಲ್ಲಿ ಹಳೆಯದು 1.40 ವೋಲ್ಟ್ ತೋರಿಸಿತು. ಹೊಸದು 2.82. ಮೀಟರ್ ನೋಡಿ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಹೊಸ ಡ್ಯಾಕ್‌ಗೆ ಅದರದೇ ವಾಲ್ಯೂಮ್ ಇತ್ತು. ಅರ್ಧರ್ಧ ಡೆಸಿಬೆಲ್‌ನಂತೆ ಹನ್ನೆರಡು ಮೆಟ್ಟಿಲು ಇಳಿಸಿದೆ. 1.41ಕ್ಕೆ ಬಂತು. ಅಂತರ 0.1 ಡೆಸಿಬೆಲ್‌ಗಿಂತ ಕಡಿಮೆ, ಸಾಕು. ಆಂಪ್‌ನ ನಾಬ್ ಯಾರೂ ಅಲುಗಿಸದಿರಲಿ ಅಂತ ಪಕ್ಕದಲ್ಲಿ ಟೇಪ್ ಅಂಟಿಸಿ ಒಂದು ಗೆರೆ ಎಳೆದೆ. ಅವರ ಹಳೆಯ ಸಿಡಿ ಪ್ಲೇಯರ್‌ನಿಂದ ಕೊಆಕ್ಸಿಯಲ್ ಕೇಬಲ್ ಒಂದು ಡ್ಯಾಕ್‌ಗೆ, ಆಪ್ಟಿಕಲ್ ಕೇಬಲ್ ಇನ್ನೊಂದಕ್ಕೆ. ಎರಡೂ ಡ್ಯಾಕ್ ಒಟ್ಟಿಗೆ ನುಡಿಯುತ್ತಿದ್ದವು, ರಿಮೋಟ್ ಒತ್ತಿದರೆ ಸಾಕು.

ಡ್ಯಾಕ್‌ಗಳ ಮೇಲೆ ಟವೆಲ್ ಹೊದಿಸಿದೆವು. ರಿಮೋಟ್ ನನ್ನ ಕೈಲಿ. ಮೇಷ್ಟ್ರು ನನಗೆ ಬೆನ್ನು ಹಾಕಿ ಕೂತರು, ನನ್ನ ಮುಖ ನೋಡಿ ಉತ್ತರ ಹೇಳಬಾರದಲ್ಲ. ಪ್ರತಿ ಸಲವೂ ನಾಣ್ಯ ಚಿಮ್ಮಿ ಯಾವ ಡ್ಯಾಕ್ ಎಂದು ತೀರ್ಮಾನ ಮಾಡಿದೆ. ನುಡಿಯುತ್ತಿರುವುದು ಯಾವುದೆಂದು ಮೇಷ್ಟ್ರು ಹೇಳಬೇಕು. ಹದಿನಾರು ಸಲ. ಹದಿನಾರರಲ್ಲಿ ಹನ್ನೆರಡೋ ಅದಕ್ಕಿಂತ ಜಾಸ್ತಿಯೋ ಸರಿಯಾದರೆ ಏನೋ ಕೇಳುತ್ತಿದೆ ಎನ್ನಬಹುದು. ಸುಮ್ನೆ ಊಹಿಸಿ ಅಷ್ಟು ಗೆಲ್ಲುವ ಸಾಧ್ಯತೆ ನೂರಕ್ಕೆ ನಾಲ್ಕೂ ಇಲ್ಲ. ಅವರಿಗೆ ಬಂದದ್ದು ಒಂಬತ್ತು. 'ನನ್ನ ಕಿವಿಗೆ ವಯಸ್ಸಾಯ್ತು ಬಿಡಿ' ಎಂದರು. ನ್ಯಾಯವಾದ ಮಾತು. ವಯಸ್ಸಾದಂತೆ ಮೇಲಿನ ಸ್ವರಗಳು ಕೇಳಿಸುವುದು ಕಡಿಮೆಯಾಗುತ್ತದೆ. ಹದಿನಾರರ ಮೊಮ್ಮಗಳನ್ನು ಕೂರಿಸಿದೆವು. ಏಳು.

ಇದು ಇಬ್ಬರು ಮನುಷ್ಯರು, ಒಂದು ಸಂಜೆ, ಒಂದು ಕೋಣೆ. ಇದರಿಂದ ಜಗತ್ತಿನ ಎಲ್ಲ ಡ್ಯಾಕ್‌ಗಳೂ ಒಂದೇ ಎಂದು ನಾನು ಹೇಳುವುದಿಲ್ಲ. ಇದನ್ನು ಹೋಲುವ ದೊಡ್ಡ ಪರೀಕ್ಷೆಯೊಂದು ಅಮೆರಿಕದಲ್ಲಿ ನಡೆದು 2007ರಲ್ಲಿ ಪ್ರಕಟವಾಗಿದೆ. ಮೇಯರ್ ಮತ್ತು ಮೊರಾನ್ ಮಾಡಿದ್ದು. ಹೈ ರೆಸಲ್ಯೂಷನ್ ಡಿಸ್ಕಿನ ಸೌಂಡನ್ನು ಸಿಡಿಯ 16 ಬಿಟ್, 44.1 ಕಿಲೋಹರ್ಟ್ಸ್‌ಗೆ ಇಳಿಸಿ ಮತ್ತೆ ಕೇಳಿಸಿದರು. ಯಾವುದು ಯಾವುದೆಂದು 554 ಸಲ ಕೇಳಿದ್ದಕ್ಕೆ ಸರಿಯುತ್ತರ ಬಂದದ್ದು 276 ಸಲ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಅದು ಡ್ಯಾಕ್‌ಗಳ ಹೋಲಿಕೆಯಲ್ಲ, ಡಿಜಿಟಲ್ ರೆಕಾರ್ಡಿಂಗಿನ ಎರಡು ಮಾದರಿಗಳ ಹೋಲಿಕೆ. ಆದರೂ ಮಟ್ಟ ಸರಿಮಾಡಿ, ಕಣ್ಣು ಮುಚ್ಚಿ ಕೇಳಿದರೆ ಎಂಥೆಂಥ ನಂಬಿಕೆ ಅಲ್ಲಾಡುತ್ತದೆ ಅನ್ನುವುದಕ್ಕೆ ನಾನು ಅದನ್ನು ನೆನೆಯುತ್ತೇನೆ.

ಇದರಲ್ಲಿ ಮಾಯವೇನೂ ಇಲ್ಲ. ಇವತ್ತು ಎಂಟು-ಹತ್ತು ಸಾವಿರದ ಒಳ್ಳೆಯ ಡ್ಯಾಕ್‌ನ ಸ್ವಂತ ಗದ್ದಲ ಸಂಗೀತಕ್ಕಿಂತ 110 ಡೆಸಿಬೆಲ್‌ಗೂ ಕೆಳಗಿರುತ್ತದೆ. ಸಿಡಿಯಲ್ಲಿ ಈ ಅಂತರದ ಮಿತಿಯೇ 96. ಮೇಷ್ಟ್ರು ಕೇಳುವ ಹಳೆಯ ಕಛೇರಿಗಳು ಟೇಪಿನಿಂದ ಬಂದವು. ಮಾಮೂಲಿ ಕ್ಯಾಸೆಟ್ಟಾದರೆ 50-60 ಇದ್ದರೆ ಹೆಚ್ಚು. ಡ್ಯಾಕ್ ಮೇಲೆ 24 ಬಿಟ್ ಎಂದು ಬರೆದಿರುತ್ತಾರೆ, ಲೆಕ್ಕದಲ್ಲಿ ಅದು 144. ಅಷ್ಟು ಕೊಡುವ ಡ್ಯಾಕ್ ಯಾವ ಬೆಲೆಗೂ ಸಿಗುವುದಿಲ್ಲ, ಬಿಡಿಭಾಗಗಳ ಬಿಸಿಯಿಂದ ಹುಟ್ಟುವ ಗದ್ದಲವೇ ಬಿಡುವುದಿಲ್ಲ.

ನಿಜವಾಗಿಯೂ ಕೇಳಿಸುವ ವ್ಯತ್ಯಾಸಗಳೂ ಇವೆ, ಅಲ್ವಾ ಅಂದರೆ ಇವೆ. ಹಳೆಯ ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ಬರುವ ಸುಂಯ್ ನಿಜ. ಅದಕ್ಕೆ ಅಗ್ಗದ ಡ್ಯಾಕ್ ಸಾಕು. ಫಿಲ್ಟರ್ ಇಲ್ಲದ, ರೆಸಿಸ್ಟರ್‌ಗಳನ್ನು ಏಣಿಯಂತೆ ಜೋಡಿಸಿದ 'ಹಳೆಕಾಲದ ರುಚಿ'ಯ ದುಬಾರಿ ಡ್ಯಾಕ್‌ಗಳು ಬೇರೆಯಾಗಿ ಕೇಳಬಹುದು. ಅವು ಸಿಡಿಯಲ್ಲಿ ತೀರಾ ಮೇಲಿನ ಸ್ವರಗಳಲ್ಲಿ, 20 ಕಿಲೋಹರ್ಟ್ಸ್ ಹತ್ತಿರ, 3 ಡೆಸಿಬೆಲ್‌ನಷ್ಟು ಇಳಿದುಹೋಗುತ್ತವೆ. ಇಷ್ಟವಾದರೆ ಕೊಳ್ಳಿ, ಆದರೆ ಅದು ಹೆಚ್ಚು ವಿವರವಲ್ಲ, ಕಡಿಮೆ. ಇನ್ನು ಗುಂಯ್ ಎನ್ನುವ ಸದ್ದು. ಅದು ಬಹುತೇಕ ಅರ್ಥಿಂಗ್ ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಸೇರಿ ಸುತ್ತು ಬಿದ್ದದ್ದರಿಂದ ಬರುವುದು, ಡ್ಯಾಕ್ ಕೆಟ್ಟದ್ದರಿಂದಲ್ಲ. ಕೆಲವು ನೂರು ರೂಪಾಯಿಯ ಆಪ್ಟಿಕಲ್ ಕೇಬಲ್ ಹಾಕಿ ನೋಡಿ. ಗುಂಯ್ ನಿಲ್ಲಿಸಲು ಪ್ಲಗ್ಗಿನ ಮೂರನೇ ಪಿನ್ ಕತ್ತರಿಸುವವರಿದ್ದಾರೆ. ದಯವಿಟ್ಟು ಬೇಡ. ಆ ಪಿನ್ ನಿಮ್ಮ ಜೀವ ಕಾಯಲಿಕ್ಕೆ ಇರುವುದು.

ದುಬಾರಿಯದಕ್ಕೆ ಗಟ್ಟಿ ಪೆಟ್ಟಿಗೆ, ಹೆಚ್ಚು ಇನ್‌ಪುಟ್, ರಿಮೋಟ್, ಕೆಟ್ಟರೆ ನೋಡುವವರು ಇರಬಹುದು. ಚೆಂದವೂ ಇರುತ್ತದೆ. ಒಳ್ಳೆಯ ಕೈಗಡಿಯಾರ ಕಟ್ಟುವುದು ಸಮಯ ನೋಡಲಿಕ್ಕಷ್ಟೇ ಅಲ್ಲವಲ್ಲ.

ಮೇಷ್ಟ್ರ ಹಾಲಿನ ನಿಜವಾದ ತೊಂದರೆ ಕಾಲಕೆಳಗಿತ್ತು. ಗ್ರಾನೈಟ್ ನೆಲ, ಬರಿಗೋಡೆ. ಚಪ್ಪಾಳೆ ತಟ್ಟಿದರೆ ಟಣ್ ಎಂದು ವಾಪಸ್ ಬರುತ್ತಿತ್ತು. ಹನ್ನೆರಡು ಅಡಿಯ ಗೋಡೆಗಳ ನಡುವೆ 47 ಹರ್ಟ್ಸ್ ಆಸುಪಾಸಿನ ಮಂದ್ರ ಊದಿಕೊಳ್ಳುತ್ತಿತ್ತು. ಅಟ್ಟದಲ್ಲಿದ್ದ ನವಲಗುಂದದ ಜಮಖಾನ ಇಳಿಸಿ ಹಾಸಿದೆವು. ಅದು ಮೇಲಿನ ಸ್ವರಗಳ ಟಣ್ ಮಾತ್ರ ಹೀರೀತು, ಮಂದ್ರಕ್ಕೇನೂ ಮಾಡದು. ಮಂದ್ರಕ್ಕೆ ಸ್ಪೀಕರ್‌ಗಳನ್ನು ಮೂಲೆಯಿಂದ ಎರಡಡಿ ಮುಂದೆ ಎಳೆದೆವು. ಮತ್ತೆ ಮನಸೂರರನ್ನು ಹಾಕಿದಾಗ ಮೇಷ್ಟ್ರು ಮಾತೇ ಆಡಲಿಲ್ಲ, ಕಾಫಿ ಆರಿಹೋಯಿತು. ಆಗ ನುಡಿಯುತ್ತಿದ್ದದ್ದು ಯಾವ ಡ್ಯಾಕ್ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಹಳೆಯ ಡ್ಯಾಕ್ ಈಗ ಮೊಮ್ಮಗಳ ರೂಮಿಗೆ ಹೋಗಿದೆ. ಹೊಸದು ಹಾಲಿನಲ್ಲೇ ಇದೆ, ಮಗ ವಿಡಿಯೋ ಕಾಲ್ ಮಾಡಿದಾಗ ಕಾಣಿಸಬೇಕಲ್ಲ. ಹೋದ ತಿಂಗಳು ಹೋಗಿದ್ದಾಗ ಆಂಪ್‌ನ ಪಕ್ಕ ನಾನು ಅಂಟಿಸಿದ್ದ ಟೇಪ್ ಹಾಗೇ ಇತ್ತು. ಗೆರೆಯ ಪಕ್ಕದಲ್ಲಿ ಮೇಡಂ ಪೆನ್ನಿನಲ್ಲಿ 'ಇಷ್ಟೇ' ಎಂದು ಬರೆದಿಟ್ಟಿದ್ದಾರೆ.